ಪಂಚಾಯಿತಿ ಹೋದ ಮೇಲಿನ ಕೊರಿಪ್ಪೊ

ಮೇ ತಿಂಗಳಲ್ಲಿ ಎರಡು ದಿನ ರಜೆ ಸಿಕ್ಕಿತ್ತು. ಜ್ಯೂರಿಕ್‌ನಿಂದ ರೈಲಿನಲ್ಲಿ ಸ್ವಿಟ್ಜರ್ಲೆಂಡಿನ ದಕ್ಷಿಣದ ಲೊಕಾರ್ನೊ ಕಡೆಗೆ ಹೋಗಿ, ಅಲ್ಲಿಂದ ಅಂಚೆ ಸಂಸ್ಥೆಯ ಹಳದಿ ಬಸ್ ಹತ್ತಿ ವೆರ್ಜಾಸ್ಕಾ ಕಣಿವೆಗೆ ಹೊರಟೆ. ಬಸ್ಸಿನಲ್ಲಿದ್ದ ಹೆಚ್ಚಿನವರು ಲಾವೆರ್ತೆಟ್ಸೊದ ಎರಡು ಕಮಾನಿನ ಸೇತುವೆ, ಹಸಿರು ನೀರು ನೋಡಲು ಬಂದವರು. ನಾನು ಅದಕ್ಕೂ ಮುಂಚೆ, ಕೊರಿಪ್ಪೊ ಕವಲಿನಲ್ಲಿ ಇಳಿದೆ.

ಬಹಳ ವರ್ಷದಿಂದ ಈ ಊರು ನೋಡಬೇಕೆಂದಿತ್ತು. ಇಡೀ ಸ್ವಿಟ್ಜರ್ಲೆಂಡಿನಲ್ಲಿ ಅತಿ ಕಡಿಮೆ ಜನರಿದ್ದ ಪಂಚಾಯಿತಿ ಇದು. ಕೊನೆಕೊನೆಗೆ ಉಳಿದವರು ಹತ್ತು-ಹನ್ನೆರಡು ಜನ. ಅಷ್ಟೇ ಜನಕ್ಕೆ ಒಂದು ಆಡಳಿತ, ಒಂದು ಬಜೆಟ್ಟು! 2020ರ ಅಕ್ಟೋಬರಿನಲ್ಲಿ ಅಕ್ಕಪಕ್ಕದ ಊರುಗಳ ಜೊತೆ ಸೇರಿಸಿ ವೆರ್ಜಾಸ್ಕಾ ಎಂಬ ಒಂದೇ ಪಂಚಾಯಿತಿ ಮಾಡಿದರು.

ಊರು ಗುಡ್ಡಕ್ಕೆ ಅಂಟಿಕೊಂಡಿದೆ. ಗೋಡೆ ಕಲ್ಲು, ಚಾವಣಿಯೂ ಕಲ್ಲು. ಇಳಿಜಾರಾದ್ದರಿಂದ ಒಂದು ಮನೆಯ ಸೂರು ದಾರಿಯ ಮಟ್ಟಕ್ಕೇ ಬಂದಿತ್ತು. ಬಗ್ಗಿ ನೋಡಿದೆ. ಮೂರು ಬೆರಳು ದಪ್ಪದ ಚಪ್ಪಡಿಗಳು, ಒಂದರ ಮೇಲೊಂದು ಕೂತಿವೆ. ಮೊಳೆ ಕಾಣಲಿಲ್ಲ, ಗಾರೆ ಕಾಣಲಿಲ್ಲ. ತಮ್ಮ ಭಾರದಲ್ಲೇ ನಿಂತಿವೆ. ಸಂದಿಯಲ್ಲಿ ಹಾವಸೆ, ಅದರೊಳಗೆ ಒಂದು ಪುಟ್ಟ ಜರಿಗಿಡ. ಕೈ ಇಟ್ಟೆ. ಬಿಸಿಲು ಹೋಗಿ ಎಷ್ಟೋ ಹೊತ್ತಾಗಿದ್ದರೂ ಕಲ್ಲು ಇನ್ನೂ ಬೆಚ್ಚಗಿತ್ತು.

1850ರ ಹೊತ್ತಿಗೆ ಇಲ್ಲಿ ಸುಮಾರು 300 ಜನ ಇದ್ದರು. ರೈ ಎಂಬ ಧಾನ್ಯದ ಬೆಳೆ, ಚೆಸ್ಟ್‌ನಟ್ ಮರ, ಮೇಕೆ, ಇಷ್ಟರಲ್ಲೇ ಬದುಕು. ಹೊಟ್ಟೆ ತುಂಬದೆ ಈ ಕಣಿವೆಯ ಎಷ್ಟೋ ಜನ ಕ್ಯಾಲಿಫೋರ್ನಿಯಾ, ಆಸ್ಟ್ರೇಲಿಯಾ ಕಡೆ ಹೋದರು. ಮನೆಗಳು ಖಾಲಿಯಾದವು. 1975ರಲ್ಲಿ ಅವನ್ನು ಉಳಿಸಲೆಂದು ಒಂದು ಪ್ರತಿಷ್ಠಾನ ಹುಟ್ಟಿತು. 2022ರಿಂದ ಕೆಲವು ಮನೆಗಳು ಒಂದೇ ಹೋಟೆಲಿನ ಕೋಣೆಗಳಾಗಿವೆ. ಕೋಣೆಗಳು ಊರೆಲ್ಲ ಹರಡಿವೆ, ಬೀಗದ ಕೈ ಕೊಡುವುದು ಮಾತ್ರ ಊರಿನ ಊಟದ ಮನೆಯಲ್ಲಿ.

ಹೋಟೆಲು ಅಂದರೆ ಊರು ಮಾರಿದ ಹಾಗೆ ಅಲ್ವಾ ಅಂತ ಒಬ್ಬ ಗೆಳತಿ ಕೇಳಿದಳು. ನನಗೆ ಹಾಗನ್ನಿಸಲಿಲ್ಲ. ಒಲೆ ಉರಿಯದ ಮನೆಯ ಚಾವಣಿ ಬೇಗ ಕುಸಿಯುತ್ತದೆ. ಪಂಚಾಯಿತಿ ಸೇರಿಸಿದ್ದೂ ತಪ್ಪಲ್ಲ. ಹನ್ನೆರಡು ಜನರಲ್ಲಿ ಪ್ರತಿ ಚುನಾವಣೆಗೂ ಯಾರನ್ನು ನಿಲ್ಲಿಸುತ್ತೀರಿ? ಆದರೂ ತಮ್ಮೂರಿನ ವಿಷಯ ತಾವೇ ತೀರ್ಮಾನಿಸುತ್ತಿದ್ದವರಿಗೆ ಆ ದಿನ ಸಂಕಟವಾಗಿರಲೇಬೇಕು. ನನಗೇ ಆಯಿತು.

ರಾತ್ರಿ ಊಟ ಮುಗಿಸಿ ಚರ್ಚಿನ ಮುಂದೆ ನಿಂತು ದೀಪ ಹತ್ತಿದ ಕಿಟಕಿ ಎಣಿಸಿದೆ. ಏಳು ಸಿಕ್ಕವು. ಯಾವುದು ಊರವರದು, ಯಾವುದು ನಮ್ಮಂಥವರದು, ಗೊತ್ತಾಗಲಿಲ್ಲ.