ಟೊಮೆಟೊ ಮಂಡಿಯ ಆ 23 ಬಿಲ್ಲುಗಳು

ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮೆಟೊ ಮಂಡಿಯ ಬಿಲ್ಲಿಂಗ್ ಸಿಸ್ಟಮ್ ನೋಡಿಕೊಳ್ಳುವುದು ನನ್ನ ಕೆಲಸ. 2023ರ ಜುಲೈ ನೆನಪಿದೆ ಅಲ್ವಾ? 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿದ ತಿಂಗಳು. ಅಂಥ ದಿನಗಳಲ್ಲಿ ಒಂದು ಬಿಲ್ಲು ಕಾಣೆಯಾದರೆ ಒಂದು ಮನೆಯ ಇಡೀ ಬೆಳೆಯ ದುಡ್ಡಿನ ಲೆಕ್ಕವೇ ಹೋದ ಹಾಗೆ.

ಬಿಲ್ಲುಗಳನ್ನು ಇಟ್ಟುಕೊಳ್ಳಲು ನಮ್ಮಲ್ಲಿರುವುದು ಪೋಸ್ಟ್‌ಗ್ರೆಸ್ 15 ಎಂಬ ಡೇಟಾಬೇಸ್. ಆಫೀಸಿನಲ್ಲಿ ಪ್ರೈಮರಿ ಅಂದರೆ ಬಿಲ್ಲು ಬರೆಯುವ ಮುಖ್ಯ ಸರ್ವರ್, ಪಕ್ಕದ ರೂಮಿನಲ್ಲಿ ಅದರ ನಕಲು ಇಟ್ಟುಕೊಳ್ಳುವ ಒಂದು ಸ್ಟ್ಯಾಂಡ್‌ಬೈ, ಬೆಂಗಳೂರಿನ ಡೇಟಾ ಸೆಂಟರಿನಲ್ಲಿ ಇನ್ನೊಂದು. ಪ್ರೈಮರಿ ಪ್ರತಿ ಬದಲಾವಣೆಯನ್ನೂ ಮೊದಲು ವಾಲ್ ಎಂಬ ಲಾಗಿನಲ್ಲಿ ಬರೆಯುತ್ತದೆ. ಸ್ಟ್ಯಾಂಡ್‌ಬೈಗಳು ಅದನ್ನೇ ತರಿಸಿಕೊಂಡು ತಮ್ಮಲ್ಲೂ ಬರೆದುಕೊಳ್ಳುತ್ತವೆ. ಎರಡು ಸ್ಟ್ಯಾಂಡ್‌ಬೈ ಇವೆಯಲ್ಲ ಎಂದು ನಾನು ನಿಶ್ಚಿಂತೆಯಾಗಿದ್ದೆ.

ಒಂದು ಬೆಳಗ್ಗೆ ಹರಾಜು ನಡೆಯುತ್ತಿರುವಾಗಲೇ ಕರೆಂಟ್ ಹೋಯಿತು. ಪ್ರೈಮರಿಯೂ ಇಂಟರ್ನೆಟ್ ರೂಟರೂ ಒಂದೇ ಯುಪಿಎಸ್ ಮೇಲಿದ್ದವು. ನಾಲ್ಕು ನಿಮಿಷ ಎಳೆದವು, ಹುಡುಗರು ಟ್ಯಾಬಿನಲ್ಲಿ ಬಿಲ್ ಹಾಕುತ್ತಲೇ ಇದ್ದರು. ಆಮೇಲೆ ಬ್ಯಾಟರಿ ಮುಗಿಯಿತು. ಜನರೇಟರ್ ಹಾಕಿದಾಗ ಉಳಿದದ್ದೆಲ್ಲ ಎದ್ದಿತು, ಪ್ರೈಮರಿಯ ಡಿಸ್ಕ್ ಮಾತ್ರ ಏಳಲಿಲ್ಲ.

ಹಳೆಯ ಪ್ರೈಮರಿ ಮಧ್ಯದಲ್ಲಿ ಎದ್ದು ಎರಡು ಕಡೆ ಬಿಲ್ಲು ಬರೆಯುವಂತಾಗಬಾರದು. ಅದಕ್ಕೆ ಮೊದಲು ಅದರ ನೆಟ್‌ವರ್ಕ್ ಕೇಬಲ್ ಕಿತ್ತೆ. ಅಲ್ಲಿಯವರೆಗೆ ಸರಿಯಾಗಿಯೇ ಮಾಡಿದ್ದೆ. ಆಮೇಲೆ ಹತ್ತಿರ ಇದೆ ಎಂದು ಪಕ್ಕದ ರೂಮಿನ ಸ್ಟ್ಯಾಂಡ್‌ಬೈಯನ್ನೇ ಪ್ರಮೋಟ್ ಮಾಡಿದೆ, ಅಂದರೆ ಅದನ್ನೇ ಹೊಸ ಪ್ರೈಮರಿ ಮಾಡಿದೆ. ಬಿಲ್ಲಿಂಗ್ ಮತ್ತೆ ಶುರುವಾಯಿತು.

ಸ್ವಲ್ಪ ಹೊತ್ತಿಗೆ ಮುಳಬಾಗಿಲು ಕಡೆಯ ಹಿರಿಯರೊಬ್ಬರು ಚೀಟಿ ಹಿಡಿದು ಬಂದರು. ನಂಬರ್ 418. ಸ್ಕ್ರೀನಿನಲ್ಲಿ 418ಕ್ಕೆ ಬೇರೆ ಯಾರದೋ ಹೆಸರು, 20 ಬಾಕ್ಸ್. "ಅಪ್ಪಾ, ಇದು ನಂದಲ್ಲ. ನಂದು 62 ಬಾಕ್ಸು" ಅಂದರು. ಚೀಟಿಯಲ್ಲಿ ನಮ್ಮದೇ ಪ್ರಿಂಟರಿನ ಅಕ್ಷರ. "ಕೂತ್ಕೊಳ್ಳಿ ತಾತಾ, ನೋಡ್ತೀನಿ" ಅಂದೆ. ಕೈ ನಡುಗುತ್ತಿತ್ತು.

ಪಕ್ಕದ ರೂಮಿಗೆ ಹೋಗುವ ನೆಟ್‌ವರ್ಕ್ ಸ್ವಿಚ್ಚಿಗೆ ಯುಪಿಎಸ್ ಇರಲಿಲ್ಲ. ಕರೆಂಟ್ ಹೋದ ಕ್ಷಣಕ್ಕೇ ಅದು ಆಫ್. ಹಾಗಾಗಿ ಆ ನಾಲ್ಕು ನಿಮಿಷದ ಬಿಲ್ಲುಗಳು ಪಕ್ಕದ ರೂಮಿಗೆ ಹೋಗಿರಲಿಲ್ಲ. ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿದ್ದವು! ದಿನದ ನಂಬರು ಹಿಂದಿನದಕ್ಕೆ ಒಂದು ಕೂಡಿಸಿ ಬರುವುದರಿಂದ, ಅದೇ ನಂಬರುಗಳು ಬೇರೆಯವರಿಗೆ ಸಿಕ್ಕಿದ್ದವು.

ಬೆಂಗಳೂರಿನದಕ್ಕೆ ಹೊಸ ಪ್ರೈಮರಿಯ ವಿಳಾಸ ಕೊಟ್ಟಿದ್ದೆ. ಅದು ಬರೆಯುವ ಸಂದೇಶಗಳ ಲಾಗ್ ಆಗ ತೆಗೆದು ನೋಡಿದೆ. ಹೊಸ ಟೈಮ್‌ಲೈನ್ 2 ಕವಲೊಡೆದಿರುವುದು ನಾನು ಈಗಿರುವ ಜಾಗಕ್ಕಿಂತ ಹಿಂದೆ ಎಂಬ ಅರ್ಥದ ಸಾಲು ಮತ್ತೆ ಮತ್ತೆ ಬರುತ್ತಿತ್ತು. ಪ್ರಮೋಟ್ ಆದ ಸರ್ವರ್ ಹೊಸ ಟೈಮ್‌ಲೈನ್ ಶುರು ಮಾಡುತ್ತದೆ, ಕಾಲುವೆ ಕವಲೊಡೆದ ಹಾಗೆ. ಬೆಂಗಳೂರಿನ ನೀರು ಆ ಕವಲು ದಾಟಿ ಮುಂದೆ ಹರಿದುಬಿಟ್ಟಿತ್ತು. ಇನ್ನು ಹೊಸ ಕಾಲುವೆಗೆ ತಿರುಗಲು ಹೇಗೆ ಸಾಧ್ಯ?

ಪುಣ್ಯಕ್ಕೆ ಅದು ಇನ್ನೂ ಓದಲು ಸಿಗುತ್ತಿತ್ತು. ಆ ನಾಲ್ಕು ನಿಮಿಷದ ಬಿಲ್ಲುಗಳನ್ನು ಅಲ್ಲಿಂದ ತೆಗೆದೆ. ಒಟ್ಟು 23. ಹೊಸ ನಂಬರಿನಲ್ಲಿ ಹಾಕಿ, ಒಬ್ಬೊಬ್ಬ ರೈತರನ್ನೂ ಮೈಕಿನಲ್ಲಿ ಕರೆದು ಚೀಟಿ ಬದಲಾಯಿಸಿಕೊಟ್ಟೆವು. ತಾತನ 62 ಬಾಕ್ಸ್ ಮೊದಲು. ಅದಾದ ಮೇಲೆಯೇ ಬೆಂಗಳೂರಿನದನ್ನು ನಿಲ್ಲಿಸಿ, ಪಿಜಿ_ರಿವೈಂಡ್ ಎಂಬ ಟೂಲ್ ಓಡಿಸಿ ಕವಲಿನ ತನಕ ಹಿಂದಕ್ಕೆ ತಂದೆ. ವಾಲ್_ಲಾಗ್_ಹಿಂಟ್ಸ್ ಎಂಬ ಸೆಟ್ಟಿಂಗ್ ಮೊದಲೇ ಆನ್ ಇದ್ದದ್ದರಿಂದ ಅದು ಆಯಿತು. ಅದೂ ಇಲ್ಲ, ಡೇಟಾ ಚೆಕ್‌ಸಮ್ಮೂ ಇಲ್ಲ ಅಂದರೆ ರಿವೈಂಡ್ ಆಗುವುದಿಲ್ಲ, ಪೂರ್ತಿ ಬೇಸ್ ಬ್ಯಾಕಪ್, ಅಂದರೆ ಇಡೀ ಡೇಟಾಬೇಸಿನ ನಕಲು, ಮತ್ತೆ ತೆಗೆಯಬೇಕು. ಬಿಲ್ಲು ತೆಗೆಯುವ ಮೊದಲೇ ರಿವೈಂಡ್ ಮಾಡಿದ್ದರೆ? ಆ 23 ಎಲ್ಲೂ ಸಿಗುತ್ತಿರಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ಎದೆ ಧಸಕ್ ಅನ್ನುತ್ತೆ.

ಈಗ ಪ್ರಮೋಟ್ ಮಾಡುವ ಮೊದಲು ಎರಡೂ ಸ್ಟ್ಯಾಂಡ್‌ಬೈಗಳಲ್ಲಿ ವಾಲ್ ಎಲ್ಲಿಯವರೆಗೆ ಬಂದಿದೆ ಎಂದು ಹೇಳುವ ಪಿಜಿ_ಲಾಸ್ಟ್_ವಾಲ್_ರಿಸೀವ್_ಎಲ್‌ಎಸ್‌ಎನ್ ಓಡಿಸಿ, ಬಂದ ಉತ್ತರ ಪೆನ್ನಿನಲ್ಲಿ ಬರೆದುಕೊಳ್ಳುತ್ತೇನೆ. ಯಾವುದು ಮುಂದಿದೆಯೋ ಅದೇ ಪ್ರೈಮರಿ. ಹಿಂದಿದ್ದದ್ದು ಮುಂದಿದ್ದದ್ದನ್ನು ಹಿಂಬಾಲಿಸಬಹುದು, ಉಲ್ಟಾ ಆಗುವುದಿಲ್ಲ. ಪೋಸ್ಟ್‌ಗ್ರೆಸ್ 12ರಿಂದ ಸ್ಟ್ಯಾಂಡ್‌ಬೈಗಳು ತಾವಾಗಿಯೇ ಹೊಸ ಟೈಮ್‌ಲೈನ್ ಹಿಡಿಯುತ್ತವೆ, 13ರಿಂದ ವಿಳಾಸ ಬದಲಿಸಲು ರೀಲೋಡ್ ಸಾಕು. ರೆಪ್ಲಿಕೇಶನ್ ಸ್ಲಾಟ್, ಅಂದರೆ ಸ್ಟ್ಯಾಂಡ್‌ಬೈ ತರಿಸಿಕೊಳ್ಳುವ ತನಕ ವಾಲ್ ಅನ್ನು ಉಳಿಸಿಡುವ ವ್ಯವಸ್ಥೆ, ಮಾತ್ರ ಹಳೆಯ ಪ್ರೈಮರಿಯ ಜೊತೆಗೇ ಹೋಗುತ್ತೆ, ಹೊಸ ಪ್ರೈಮರಿಯಲ್ಲಿ ನಾವೇ ಮಾಡಬೇಕು.

ಸ್ಟ್ಯಾಂಡ್‌ಬೈ ಉತ್ತರಕ್ಕೆ ಪ್ರೈಮರಿ ಕಾಯುವ ಸಿಂಕ್ರೊನಸ್ ಸೆಟ್ಟಿಂಗ್ ಕೂಡ ಹಾಕಿದ್ದೇನೆ, 'ಎನಿ 1' ಅಂತ. ಎರಡರಲ್ಲಿ ಒಂದಾದರೂ ಬರೆದುಕೊಂಡೆ ಅನ್ನುವ ತನಕ ಬಿಲ್ಲು ಸೇವ್ ಆಯಿತು ಎಂಬ ಉತ್ತರ ಬರುವುದಿಲ್ಲ. ಇದನ್ನು ಹಾಕಿದ ಮೇಲೆ ಯಾವ ಸ್ಟ್ಯಾಂಡ್‌ಬೈ ಮುಂದಿದೆ ಎಂದು ಹೋಲಿಸುವುದು ಬೇಡ ಅಂದುಕೊಳ್ಳುವವರಿದ್ದಾರೆ. ನನ್ನ ಪ್ರಕಾರ ಆಗ ಇನ್ನೂ ಜಾಸ್ತಿ ಬೇಕು. ಯಾವುದೋ ಒಂದರಲ್ಲಿ ಬಿಲ್ಲು ಇದೆ ಅನ್ನುವುದಷ್ಟೇ ಗ್ಯಾರಂಟಿ. ಅದು ಯಾವುದು ಎಂದು ನಾವೇ ನೋಡಬೇಕು.

ಆ ಸ್ವಿಚ್ಚಿಗೂ ಈಗ ಯುಪಿಎಸ್ ಇದೆ. ಕಳೆದ ಭಾನುವಾರ ಮಂಡಿ ಖಾಲಿ ಇದ್ದಾಗ ಬೇಕೆಂದೇ ಪ್ರೈಮರಿಯನ್ನು ಆಫ್ ಮಾಡಿ ನೋಡಿದೆವು. ಬೆಂಗಳೂರು ಮುಂದಿತ್ತು, ಅದನ್ನೇ ಪ್ರಮೋಟ್ ಮಾಡಿದೆವು, ಪಕ್ಕದ ರೂಮಿನದು ಹಿಂದೆಯೇ ಬಂತು. ಸ್ಲಾಟ್ ಮಾಡುವುದನ್ನು ಹುಡುಗ ಮರೆತಿದ್ದ. ಜೂನ್ ಸೀಸನ್ ಶುರುವಾಗುವ ಮೊದಲು ಅವನ ಕೈಯಲ್ಲೇ ಇನ್ನೊಂದು ಸಲ ಮಾಡಿಸಬೇಕು.