ಟಿಜಿಎಫ್-ಬೀಟಾದ ಸಹವಾಸ ದೋಷ

ಲ್ಯಾಬ್‌ನಲ್ಲಿ ನಾನು ಜಾಸ್ತಿ ಮಾಡುವ ಕೆಲಸ ಇದು: ಪ್ಲೇಟಿನಲ್ಲಿ ಅಕ್ಕಪಕ್ಕ ಎರಡು ಗುಂಡಿ, ಎರಡರಲ್ಲೂ ಒಂದೇ ಇಲಿಯ ಟಿ ಕೋಶಗಳು, ಅಂದರೆ ರೋಗನಿರೋಧಕ ವ್ಯವಸ್ಥೆಯ ಬಿಳಿ ರಕ್ತಕಣಗಳು. ಇನ್ನೂ ಯಾವ ದಾರಿಯನ್ನೂ ಹಿಡಿಯದ, ಸಿಡಿ4 ಗುರುತಿನ ಎಳೆಯ ಕೋಶಗಳು. ಎರಡಕ್ಕೂ ಟಿಜಿಎಫ್-ಬೀಟಾ ಬಿಡುತ್ತೇನೆ, ಕೋಶಗಳು ಒಂದಕ್ಕೊಂದು ಸುದ್ದಿ ಕಳಿಸುವ ಪ್ರೋಟೀನ್ ಅದು. ಎರಡನೆಯದಕ್ಕೆ ಮಾತ್ರ ಜೊತೆಗೆ ಐಎಲ್-6, ಅಂಥದ್ದೇ ಇನ್ನೊಂದು ಸುದ್ದಿ ಪ್ರೋಟೀನ್. ಕೆಲವು ದಿನ ಬಿಟ್ಟು, ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರ್‌ನಲ್ಲಿ ಓಡಿಸಿದರೆ, ಮೊದಲ ಗುಂಡಿಯಲ್ಲಿ ಫಾಕ್ಸ್‌ಪಿ3 ಎಂಬ ಗುರುತು ಪ್ರೋಟೀನ್ ಇರುವ ಟಿರೆಗ್‌ಗಳು, ಅಂದರೆ ಉರಿಯೂತವನ್ನು ಹದ್ದುಬಸ್ತಿನಲ್ಲಿಡುವವು. ಎರಡನೆಯದರಲ್ಲಿ ಉರಿಯೂತ ಹೆಚ್ಚಿಸುವ ಐಎಲ್-17 ಸುರಿಸುವ ಟಿಎಚ್17 ಕೋಶಗಳು. 2006ರಿಂದ ಗೊತ್ತಿರುವ ಸಂಗತಿಯೇ. ಆದರೂ ಸ್ಕ್ರೀನ್ ಮೇಲೆ ಚುಕ್ಕಿಗಳ ರಾಶಿ (ಒಂದು ಚುಕ್ಕಿ ಅಂದರೆ ಒಂದು ಕೋಶ) ಜಾಗ ಬದಲಿಸಿದ್ದನ್ನು ನೋಡಿದರೆ ಈಗಲೂ ಖುಷಿ. ಅದೇ ಅಣು, ಸಹವಾಸ ಬದಲಾಯಿತು ಅಷ್ಟೇ!

ಕರುಳಿನಲ್ಲಿ ಟಿಜಿಎಫ್-ಬೀಟಾಗೆ ಬರ ಇಲ್ಲ. ಹಾಗಾಗಿ ಪಕ್ಕದಲ್ಲಿ ಯಾರಿದ್ದಾರೆ ಅನ್ನುವುದೇ ಮುಖ್ಯ. ಅಲ್ಲಿ ಟಿ ಕೋಶಗಳಿಗೆ ದಾರಿ ತೋರಿಸುವ, ಸಿಡಿ103 ಗುರುತಿನ ಡೆಂಡ್ರೈಟಿಕ್ ಕೋಶಗಳು ವಿಟಮಿನ್ ಎಯಿಂದ ರೆಟಿನೋಯಿಕ್ ಆಮ್ಲ ಮಾಡಿ, ಟಿ ಕೋಶಗಳನ್ನು ಟಿರೆಗ್ ಕಡೆಗೆ ತಳ್ಳುತ್ತವೆ. ಇಲಿಯ ಸಣ್ಣ ಕರುಳಿನ ಗೋಡೆಗೆ ಅಂಟಿಕೊಳ್ಳುವ, ದಾರದಂಥ ಒಂದು ಬ್ಯಾಕ್ಟೀರಿಯಾ ಇದಕ್ಕೆ ಉಲ್ಟಾ, ಟಿಎಚ್17 ಹೆಚ್ಚಿಸುತ್ತದೆ. ಅದು 2009ರಲ್ಲಿ ಗೊತ್ತಾಯಿತು.

ಐಎಲ್-17 ಅಂದರೆ ಉರಿ, ಅದನ್ನು ತಡೆದರೆ ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆ ಇಳಿಯುತ್ತದೆ ಅಂತ ಅನಿಸುತ್ತದೆ ಅಲ್ವಾ? ಐಎಲ್-17 ತಡೆಯುವ ಔಷಧ ಸೆಕುಕಿನುಮ್ಯಾಬ್ ಕೊಟ್ಟು ನೋಡಿದರು. 2012ರಲ್ಲಿ ಬಂದ ಫಲಿತಾಂಶ ಉಲ್ಟಾ: ಪ್ರಯೋಜನ ಕಾಣಲಿಲ್ಲ, ತೊಂದರೆಗಳು ಪ್ಲಸೀಬೊ ತೆಗೆದುಕೊಂಡವರಿಗಿಂತ ಜಾಸ್ತಿ. ಕರುಳಿನ ಒಳಪದರ ಒಂದೇ ಸಾಲು ಕೋಶಗಳಷ್ಟು ದಪ್ಪ. ಆ ಕೋಶಗಳ ನಡುವಿನ ಬೆಸುಗೆ ಬಿಗಿಯಾಗಿರಲು ಐಎಲ್-17 ಬೇಕು. ಆದರೆ ಟಿಎಚ್17ಗಳನ್ನು ಕೆರಳಿಸುವ ಐಎಲ್-23 ತಡೆದರೆ ರೋಗಿಗಳಿಗೆ ಉಪಯೋಗವಾಗುತ್ತದೆ. ಐಎಲ್-23 ತಡೆಯುವ ಔಷಧ ರಿಸಾಂಕಿಜುಮ್ಯಾಬ್‌ಗೆ 2022ರಲ್ಲಿ ಅಮೆರಿಕದಲ್ಲಿ ಕ್ರೋನ್ಸ್‌ಗೆ ಅನುಮತಿ ಸಿಕ್ಕಿತು.

ಅದಕ್ಕೇ ಯಾರಾದರೂ ಸುಮ್ನೆ ‘ಒಳ್ಳೇ ಕೋಶ, ಕೆಟ್ಟ ಕೋಶ’ ಅಂದರೆ ನನಗೆ ಕಿರಿಕಿರಿ. ಇಲಿಯ ದೊಡ್ಡ ಕರುಳಿನಿಂದ ತೆಗೆದ ಟಿ ಕೋಶಗಳನ್ನು ಓಡಿಸಿದರೆ, ಅಡ್ಡ ಗೆರೆಯಲ್ಲಿ ಫಾಕ್ಸ್‌ಪಿ3, ಉದ್ದ ಗೆರೆಯಲ್ಲಿ ಟಿಎಚ್17ಗಳ ಸ್ವಿಚ್ ಆದ ರೋರ್-ಗಾಮಾ-ಟಿ ಇಟ್ಟಾಗ, ಮೇಲಿನ ಬಲಮೂಲೆಯಲ್ಲೂ ಒಂದು ದಟ್ಟ ಗುಂಪು ಸಿಗುತ್ತದೆ. ಎರಡೂ ಇರುವ ಕೋಶಗಳು. ಇವು ಮಾಡುವುದು ಟಿರೆಗ್ ಕೆಲಸವನ್ನೇ, ಉರಿಯೂತ ತಡೆಯುವುದನ್ನೇ. ಸೂಕ್ಷ್ಮಜೀವಿಗಳೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಈ ಗುಂಪು ತೀರಾ ಚಿಕ್ಕದಾಗಿರುತ್ತದೆ.