ದುರ್ಗದ ದಾರಿಯಲ್ಲಿ ಹಾಡು ನಿಲ್ಲಬಾರದು ಅಂದ್ರೆ

ದಾವಣಗೆರೆ ಬಿಟ್ಟು ಆನಗೋಡು, ಭರಮಸಾಗರ ದಾಟಿ ಚಿತ್ರದುರ್ಗಕ್ಕೆ ಹೋಗುವಾಗ ಮೊಬೈಲಿನಲ್ಲಿ ಸಿಗ್ನಲ್ ಕಡ್ಡಿ ಕಾಣುತ್ತಲೇ ಇರುತ್ತದೆ. ಆದರೂ ಹಾಡು ನಡುವೆ ನಿಂತು, ಪರದೆಯ ಮೇಲೆ ಬರೀ ಚಕ್ರ ಸುತ್ತುತ್ತದೆ. ನೆಟ್‌ವರ್ಕ್ ಪೂರ್ತಿ ಹೋದರೆ ಇಷ್ಟು ತೊಂದರೆಯಿಲ್ಲ. ಆಗ ಆ್ಯಪ್ ಡೌನ್‌ಲೋಡ್ ಮಾಡಿಟ್ಟ ಹಾಡಿಗೆ ಹೋಗುತ್ತದೆ. ಅರೆಬರೆ ನೆಟ್‌ವರ್ಕೇ ಕಷ್ಟ. ಕಾರು ಒಂದು ಟವರಿನಿಂದ ಇನ್ನೊಂದಕ್ಕೆ ದಾಟುವಾಗ, ಗುಡ್ಡ ಅಡ್ಡ ಬಂದಾಗ, ಡೇಟಾ ತೊಟ್ಟು ತೊಟ್ಟಾಗಿ ಬರುತ್ತದೆ. ಆ್ಯಪ್ ಮಾತ್ರ ಆನ್‌ಲೈನ್ ಇದ್ದೇನೆ ಅಂದುಕೊಂಡು ಕಾಯುತ್ತಾ ಕೂರುತ್ತದೆ. ಡೌನ್‌ಲೋಡ್ ಮಾಡಿದ ಹಾಡಾದರೂ ಪಟ್ಟಿ ತೆರೆಯಲು, ಚಿತ್ರ ತೋರಿಸಲು ಅದು ಸರ್ವರ್‌ ಕಡೆ ನೋಡುವುದರಿಂದ ತಡವರಿಸುತ್ತದೆ.

ಹಾಗಾಗಿ ಡೌನ್‌ಲೋಡ್ ಮಾಡಿದರಷ್ಟೇ ಸಾಲದು. ಹೊರಡುವ ಮುನ್ನ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿರುವ ಆಫ್‌ಲೈನ್ ಮೋಡ್ ಆನ್ ಮಾಡಬೇಕು. ಫೋನಿನ ಏರೋಪ್ಲೇನ್ ಮೋಡ್ ಬೇಡ, ಕರೆ, ಮ್ಯಾಪ್ ಎರಡೂ ಹೋಗುತ್ತವೆ. ಆ್ಯಪ್‌ನಲ್ಲಿ ಆಫ್‌ಲೈನ್ ಮೋಡ್ ಇಲ್ಲದಿದ್ದರೆ, ಆಂಡ್ರಾಯ್ಡ್‌ನಲ್ಲಿ ಆ ಆ್ಯಪ್‌ನ ಮಾಹಿತಿ ಪುಟಕ್ಕೆ ಹೋಗಿ ಮೊಬೈಲ್ ಡೇಟಾ ಒಂದನ್ನೇ ಆಫ್ ಮಾಡಿದರೂ ನಡೆಯುತ್ತದೆ. ಎಲ್ಲ ಫೋನಿನಲ್ಲೂ ಈ ಸೌಲಭ್ಯ ಇರುವುದಿಲ್ಲ, ಮನೆಯಲ್ಲೇ ನೋಡಿಕೊಳ್ಳಿ. ಕೆಲವು ಆ್ಯಪ್‌ಗಳು 30 ದಿನಕ್ಕೊಮ್ಮೆಯಾದರೂ ಇಂಟರ್ನೆಟ್‌ಗೆ ಬಂದು ಚಂದಾ ಖಚಿತಪಡಿಸಿಕೊಳ್ಳುತ್ತವೆ. ಆಫ್‌ಲೈನ್‌ನಲ್ಲೇ ಬಿಟ್ಟು ಮರೆತರೆ ಡೌನ್‌ಲೋಡ್ ಆದದ್ದೆಲ್ಲ ಬೀಗ ಬಿದ್ದಂತೆ. ವಾರಕ್ಕೊಮ್ಮೆ ಮನೆ ವೈಫೈಯಲ್ಲಿ ತೆರೆಯಿರಿ.

ಹಾಡಿನ ಗುಣಮಟ್ಟ, ಅಂದರೆ ಸೆಕೆಂಡಿಗೆ ಎಷ್ಟು ಕಿಲೋಬಿಟ್ (ಕೆಬಿಪಿಎಸ್) ಡೇಟಾ ಎಂಬುದನ್ನು, ತೀರಾ ಮೇಲಿಡುವ ಅಗತ್ಯವಿಲ್ಲ. 320 ಕೆಬಿಪಿಎಸ್‌ ಅಂದರೆ ಗಂಟೆಗೆ ಸುಮಾರು 144 ಎಂಬಿ, 160ಕ್ಕೆ 72, 96ಕ್ಕೆ 43. ಟೈರಿನ ಸದ್ದು, ಎಸಿ ಗಾಳಿ, ಬ್ಲೂಟೂತ್‌ನ ಕುಗ್ಗಿಸುವಿಕೆ ಎಲ್ಲ ಸೇರಿದ ಮೇಲೆ 160ಕ್ಕೂ 320ಕ್ಕೂ ವ್ಯತ್ಯಾಸ ಹುಡುಕುವುದು ಕಷ್ಟ. 160ರಲ್ಲಿ ಹತ್ತು ಗಂಟೆ ಹಾಡಿಗೆ ಮುಕ್ಕಾಲು ಜಿಬಿಯೂ ಬೇಕಾಗುವುದಿಲ್ಲ.

ಮ್ಯಾಪ್ ತೆರೆದ ಕೂಡಲೇ ಹಾಡು ಸತ್ತುಹೋಗುತ್ತಿದ್ದರೆ ಅದು ನೆಟ್‌ವರ್ಕಿನ ತಪ್ಪಲ್ಲ. ಬ್ಯಾಟರಿ ಉಳಿಸಲು ಫೋನೇ ಹಿಂದೆ ಓಡುತ್ತಿರುವ ಆ್ಯಪ್ ಮುಚ್ಚುತ್ತದೆ. ಸೆಟ್ಟಿಂಗ್ಸ್, ಆ್ಯಪ್ಸ್, ಸಂಬಂಧಪಟ್ಟ ಆ್ಯಪ್, ಬ್ಯಾಟರಿ ಎಂದು ಹೋಗಿ 'ಅನ್‌ರಿಸ್ಟ್ರಿಕ್ಟೆಡ್' ಆರಿಸಿ.

ಕೀಲಿ ತಿರುಗಿಸಿದೊಡನೆ ಬೇರೆ ಯಾವುದೋ ಆ್ಯಪ್ ಶುರುವಾಗುವುದು ಇನ್ನೊಂದು ಕಾಟ. ಬ್ಲೂಟೂತ್ ಸೇರಿದಾಗ ಹಲವು ಕಾರುಗಳ ಮ್ಯೂಸಿಕ್ ಸೆಟ್ ಫೋನಿಗೆ 'ಪ್ಲೇ' ಎಂದಷ್ಟೇ ಹೇಳುತ್ತದೆ, ಯಾವ ಆ್ಯಪ್ ಎಂದು ಹೇಳುವುದಿಲ್ಲ. ಕೊನೆಗೆ ಸದ್ದು ಮಾಡಿದ್ದು ಯಾವುದೋ ಅದೇ ಏಳುತ್ತದೆ. ಕಾರು ಹತ್ತುವ ಮೊದಲು ಬೇಕಾದ ಹಾಡನ್ನು ಎರಡು ಸೆಕೆಂಡು ನುಡಿಸಿ ನಿಲ್ಲಿಸಿದರೆ ಸಾಕು. ಮನೆಯವರ ಫೋನೂ ಜೋಡಣೆಯಾಗಿದ್ದರೆ ಯಾವುದು ಮೊದಲು ಸೇರುತ್ತದೋ ಅದರದ್ದೇ ರಾಜ್ಯ. ಒಂದು ಫೋನಿನ ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ 'ಮೀಡಿಯಾ ಆಡಿಯೊ' ಆಫ್ ಮಾಡಿ ಕರೆ ಮಾತ್ರ ಉಳಿಸಿ.

ಓಡಿಸುತ್ತಾ ಹಾಡು ಹುಡುಕುವುದನ್ನಂತೂ ಬಿಟ್ಟೇಬಿಡಿ. 80 ಕಿ.ಮೀ. ವೇಗದಲ್ಲಿ ಐದು ಸೆಕೆಂಡು ಪರದೆ ನೋಡಿದರೆ ಕಾರು ರಸ್ತೆ ನೋಡದೆ 110 ಮೀಟರ್ ಓಡಿರುತ್ತದೆ. ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರ್, ಹಿಂದೆ ದೀಪವೂ ಇಲ್ಲದೆ ಕ್ರಾಸ್‌ನಲ್ಲಿ ಹೆದ್ದಾರಿಗೆ ಏರಲು ಅಷ್ಟು ಹೊತ್ತೂ ಬೇಕಿಲ್ಲ. ಬಾಯಲ್ಲಿ ಹೇಳಿ ಹುಡುಕಿಸೋಣವೆಂದರೆ ಧ್ವನಿ ಸಹಾಯಕ ಕನ್ನಡ ಹಾಡಿನ ಹೆಸರನ್ನು ಇಂಗ್ಲಿಷ್ ಮಾತೆಂದು ಕೇಳಿಸಿಕೊಂಡು ಇನ್ನೇನನ್ನೋ ಹಾಕುತ್ತದೆ. ಅದಕ್ಕೆ ಪ್ಲೇಲಿಸ್ಟ್‌ಗಳಿಗೆ 'ಕಾರ್ ಒನ್', 'ಕಾರ್ ಟೂ' ಎಂಬಂಥ ಹೆಸರಿಡಿ. ಹೇಳುವುದು ಸುಲಭ, ತಪ್ಪಾಗುವುದು ಕಡಿಮೆ. ಆಟೋಪ್ಲೇ ಆಫ್ ಮಾಡಿ, ಇಲ್ಲದಿದ್ದರೆ ಪಟ್ಟಿ ಮುಗಿದ ಮೇಲೆ ಗೊತ್ತಿಲ್ಲದ ಹಾಡುಗಳು ಶುರುವಾಗಿ ಕೈ ಮತ್ತೆ ಫೋನಿಗೇ ಹೋಗುತ್ತದೆ.

ದೂರದ ದಾರಿಯಾದರೆ ಚಾರ್ಜಿಂಗ್ ಕಡೆಗೂ ಗಮನವಿರಲಿ. ಹಳೆಯ ಕಾರಿನ ಯುಎಸ್‌ಬಿ ಪೋರ್ಟ್ ಹೆಚ್ಚಾಗಿ ಅರ್ಧ ಆಂಪಿಯರ್ ಕೊಡುತ್ತದೆ. ಮ್ಯಾಪು, ಹಾಡು ಎರಡೂ ಓಡುವಾಗ ಅದು ಸಾಲುವುದಿಲ್ಲ, 12 ವೋಲ್ಟ್ ಸಾಕೆಟ್ಟಿನ ಚಾರ್ಜರ್ ಹಾಕಿ. ಏಪ್ರಿಲ್-ಮೇ ಬಿಸಿಲಲ್ಲಿ ಗಾಜಿನ ಹಿಂದೆ ಇಟ್ಟ ಫೋನು ಕಾದು ಚಾರ್ಜ್ ಆಗುವುದನ್ನೇ ನಿಲ್ಲಿಸುತ್ತದೆ. ಎಸಿ ಕಿಂಡಿಗೆ ಸಿಕ್ಕಿಸುವ ಹೋಲ್ಡರ್ ಒಳ್ಳೆಯದು.

ಇಷ್ಟೆಲ್ಲ ಬೇಡವೆನ್ನುವವರಿಗೆ ಪೆನ್ ಡ್ರೈವ್ ಇವತ್ತಿಗೂ ಅತ್ಯಂತ ನಂಬಿಕಸ್ಥ ದಾರಿ. ಅದರಲ್ಲಿ ಹಾಕಲು ನಿಮ್ಮದೇ ಎಂಪಿ3 ಕಡತಗಳು ಬೇಕು, ಆ್ಯಪ್‌ನಲ್ಲಿ ಡೌನ್‌ಲೋಡ್ ಆದವು ಹೊರಗೆ ಬರುವುದಿಲ್ಲ. 32 ಜಿಬಿಯದ್ದು ತೆಗೆದುಕೊಂಡು ಫ್ಯಾಟ್32 (FAT32) ಎಂಬ ಕಡತ ಜೋಡಿಸುವ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ, ಎನ್‌ಟಿಎಫ್‌ಎಸ್ ಎಂಬ ಇನ್ನೊಂದು ಮಾದರಿಯಾದರೆ ಅನೇಕ ಸೆಟ್‌ಗಳು ಓದುವುದೇ ಇಲ್ಲ. ಕಡತದ ಹೆಸರು ಕನ್ನಡದಲ್ಲಿದ್ದರೆ ಪರದೆಯ ಮೇಲೆ ಬರೀ ಚೌಕ ಕಾಣಬಹುದು, ಹಾಗಾಗಿ ಮುಂದೆ 01, 02 ಎಂದು ಅಂಕಿ ಹಾಕಿ. ಎಷ್ಟೋ ಸೆಟ್‌ಗಳು ನಕಲು ಮಾಡಿದ ಕ್ರಮದಲ್ಲೇ ನುಡಿಸುತ್ತವೆ, ಆದ್ದರಿಂದ ಹಾಡುಗಳನ್ನು ಬೇಕಾದ ಸರದಿಯಲ್ಲೇ ಒಂದೊಂದು ಫೋಲ್ಡರ್ ಆಗಿ ಹಾಕುತ್ತಾ ಬನ್ನಿ.